ಬಾಲಮಂದಿರದ ಕೆಲಸ ಕಲಿಯುವಾಗ ದೇವರ ಚಿತ್ರ ಬರೆಯುವುದನ್ನು ಬಿಡಬೇಕಾ?

ಬಿಡಬೇಡಿ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಾ ಬಾಲಮಂದಿರಕ್ಕೆ (ಆಸರೆ, ರಕ್ಷಣೆ ಬೇಕಾದ ಮಕ್ಕಳು ಉಳಿಯುವ ಮನೆ) ಫೀಲ್ಡ್ ವರ್ಕ್‌ಗೆ ಹೋಗ್ತೀನಿ, ದೇವರ ಚಿತ್ರ ಬರೀತೀನಿ, ಮಕ್ಕಳಿಗೂ ಅದನ್ನೇ ಕಲಿಸಲಾ ಎಂದು ಕೇಳಿದ್ದೀರಿ. ನೀವು ಬರೆಯುವುದು ಬೇರೆ, ಅವರಿಂದ ಬರೆಸುವುದು ಬೇರೆ. ನನಗೆ ಇದು ತಪ್ಪು ಮಾಡಿದ ಮೇಲೆ ಗೊತ್ತಾಯಿತು.

ನಾನು ಬಾಗಲಕೋಟೆ ಜಿಲ್ಲೆಯವಳು. ಕಸೂತಿ ಕಲಿತದ್ದು ಅಜ್ಜಿಯಿಂದ. ಇಳಕಲ್ ಸೀರೆ ಮೇಲೆ ಗೋಪುರ, ತೇರು, ನಂದಿ, ತುಳಸಿ ಕಟ್ಟೆ ಹಾಕುತ್ತೇನೆ. ಕಸೂತಿಗೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸುತ್ತಲೇ ಹಾಕಬೇಕು. ಹಾಗೆ ಎಣಿಸುತ್ತಾ ಕೂರುವುದೇ ನನ್ನ ಜಪ.

ತರಬೇತಿಯಲ್ಲಿದ್ದಾಗ ಬಾಲಮಂದಿರದ ಹುಡುಗಿಯರಿಗೆಲ್ಲ ತುಳಸಿ ಕಟ್ಟೆ ಹಾಕಿಸಿದೆ. ಎಲ್ಲರೂ "ಹೂಂರಿ ಅಕ್ಕಾರ" ಎಂದರು. ಒಬ್ಬಳು ಮುಸ್ಲಿಂ ಹುಡುಗಿ ಎಲ್ಲರಿಗಿಂತ ಚೆಂದ ಹಾಕಿದಳು. ಮರುದಿನ ನೋಡಿದರೆ ಒಂದೊಂದೇ ಎಳೆ ಬಿಚ್ಚಿ, ದಾರವನ್ನು ಕಾಗದಕ್ಕೆ ಸುತ್ತಿಟ್ಟಿದ್ದಳು. ಯಾಕೆ ಅಂದೆ. "ಅಮ್ಮಿ ನೋಡಿದ್ರ ಬ್ಯಾಸರ ಮಾಡ್ಕೋತಾಳ್ರಿ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಾಗಿದ್ದರೆ ಅವಳು ಒಲ್ಲೆ ಅಂತ ಎದ್ದು ಹೋಗುತ್ತಿದ್ದಳು, ಅಲ್ವಾ? ಬಾಲಮಂದಿರದಲ್ಲಿ ಊಟ, ನಿದ್ದೆ, ಗೇಟು ಎಲ್ಲವೂ ದೊಡ್ಡವರ ಕೈಯಲ್ಲಿ. ಅಂಥ ಕಡೆ ಮಗು 'ಹೂಂ' ಅಂದರೆ ಅದು ಒಪ್ಪಿಗೆ ಅಂತ ತಿಳಿಯಬಾರದು. ಮಗುವಿನ ಮಾತು ಕೇಳಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ, ಅಷ್ಟೇ.

ಆಮೇಲೆ ಹೊಲಿಗೆ ಮಾತ್ರ ಕಲಿಸಿದೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಕಸೂತಿ ಹೊಲಿಗೆಗಳು. ಚಿತ್ರ ಅವರಿಷ್ಟ. ಒಬ್ಬಳು ಮೇಕೆ ಹಾಕಿದಳು, ಇನ್ನೊಬ್ಬಳು ಬಸ್ಸು. ತುಳಸಿ ಕಟ್ಟೆ ಬಿಚ್ಚಿದ ಹುಡುಗಿ ಅಮ್ಮಿಯ ಹೊಲಿಗೆ ಯಂತ್ರ ಹಾಕಿದಳು, ಅದೂ ಗವಂತಿಯಲ್ಲಿ. ಗವಂತಿ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಬಟ್ಟೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ನನ್ನ ನಂದಿಯನ್ನೇನೂ ನಾನು ಮುಚ್ಚಿಡಲಿಲ್ಲ. ಅದೇ ಸೀರೆ ಉಟ್ಟು ಹೋಗುತ್ತಿದ್ದೆ. ಮಕ್ಕಳು ತಾವಾಗಿ ಕೇಳಿದರೆ ಎರಡು ಮಾತು ಹೇಳುತ್ತಿದ್ದೆ. ಜಾಸ್ತಿ ಇಲ್ಲ.

ಇನ್ನೊಂದು ಮಾತು. ಮಕ್ಕಳ ಕೈಕೆಲಸ ಎಂದು ಅವರ ಮುಖ, ಹೆಸರು ಎಲ್ಲೂ ಹಾಕಬೇಡಿ. ಅದೇ ಕಾಯ್ದೆಯ 74ನೇ ಸೆಕ್ಷನ್ ಮಗುವಿನ ಗುರುತು ಹೊರಗೆ ಬರಬಾರದು ಎನ್ನುತ್ತದೆ. ಅದಕ್ಕೇ ಆ ಹುಡುಗಿಯ ಊರು, ವಯಸ್ಸು ಇಲ್ಲಿ ಬರೆದಿಲ್ಲ. ಅವಳ ಹೊಲಿಗೆ ಯಂತ್ರದ ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಮನೆಗೆ ಹೋಗುವ ದಿನ ಆ ಬಟ್ಟೆಯನ್ನು ಮಡಚಿ ತಾನೇ ಚೀಲಕ್ಕೆ ಹಾಕಿಕೊಂಡಳು.