ಗೆದ್ದ ವರ್ಷವೇ ಬಿತ್ತುವ ಸೋಲು

ಪ್ರಶ್ನೆ: ಮಗಳು ಫಿಲಡೆಲ್ಫಿಯಾದಲ್ಲಿ ಓದುತ್ತಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ವಿಲನೋವಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಕರೆದೊಯ್ದಳು. ಆ ತಂಡ 2016 ಮತ್ತು 2018ರಲ್ಲಿ ದೇಶಕ್ಕೇ ಮೊದಲು ಬಂದಿತ್ತಂತೆ. ಪಕ್ಕದಲ್ಲಿದ್ದವರು ಮಾತ್ರ ‘ಒಳ್ಳೆಯ ಹುಡುಗರು ಸಿಗುತ್ತಿಲ್ಲ, ಆ ಕಾಲ ಹೋಯಿತು’ ಎಂದು ಗೊಣಗುತ್ತಿದ್ದರು. ಒಳ್ಳೆಯ ಹುಡುಗರನ್ನು ತಂದರೆ ಸದಾ ಗೆಲ್ಲಬೇಕಲ್ಲವೇ? ಈ ಏರಿಳಿತ ಏಕೆ?
– ಓದುಗರೊಬ್ಬರು, ಸಾಗರ

ಉತ್ತರ: ಗೊಣಗುತ್ತಿದ್ದವರು 2012ನ್ನು ಮರೆತಿರಬೇಕು. ಆ ವರ್ಷ ಇದೇ ವಿಲನೋವಾ 32 ಪಂದ್ಯ ಆಡಿ ಗೆದ್ದದ್ದು 13. ಆಗ ತಂಡದಲ್ಲಿದ್ದವರು ಕಾಗದದ ಮೇಲೆ ಬಹಳ ‘ಒಳ್ಳೆಯ ಹುಡುಗರೇ’.

ಅಮೆರಿಕದ ಕಾಲೇಜು ತಂಡಕ್ಕೆ ಆಟಗಾರರು ಹರಾಜಿನಲ್ಲಿ ಬರುವುದಿಲ್ಲ. ಹುಡುಗ ಪ್ರೌಢಶಾಲೆಯಲ್ಲಿದ್ದಾಗಲೇ ಕೋಚ್ ಬೆನ್ನು ಹತ್ತಬೇಕು. ಬೇಸಿಗೆಯಲ್ಲಿ ಶೂ ಕಂಪನಿಗಳು ನಡೆಸುವ ಟೂರ್ನಿಗಳಲ್ಲಿ ಅಂಕಣದ ಸುತ್ತ ಕುಳಿತು ನೋಡಬೇಕು, ಮನೆಗೆ ಹೋಗಿ ತಾಯಿಯ ಎದುರು ವಿನಯದಿಂದ ಮಾತನಾಡಬೇಕು. ನಮ್ಮಲ್ಲಿ ಮಗಳಿಗೆ ವರ ಹುಡುಕುವವರ ಓಡಾಟಕ್ಕೆ ಇದು ಬಹಳ ಹತ್ತಿರ. ಜಾತಕವೊಂದು ಇಲ್ಲ, ಬದಲಿಗೆ ಆಟ ನೋಡಿ ಕೊಡುವ ನಕ್ಷತ್ರಗಳ ಲೆಕ್ಕದ ಶ್ರೇಯಾಂಕ ಇದೆ. ಹೀಗೆ ಒಪ್ಪಿಸಿದ ಹುಡುಗ ತಂಡಕ್ಕೆ ಬಂದು ಪಳಗುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ. ಆದ್ದರಿಂದ ಈ ವರ್ಷ ಕಾಣುವ ಗೆಲುವು, ಸೋಲು ಎರಡೂ ಹಳೆಯ ಬಿತ್ತನೆಯ ಫಸಲು.

2009ರಲ್ಲಿ ವಿಲನೋವಾ ‘ಫೈನಲ್ ಫೋರ್’, ಅಂದರೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ತಲುಪಿತು. ಪಿಟ್ಸ್‌ಬರ್ಗ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ಸ್ಕಾಟಿ ರೆನಾಲ್ಡ್ಸ್ ಅಂಕಣದ ಉದ್ದಕ್ಕೂ ಓಡಿ ಚೆಂಡನ್ನು ಬುಟ್ಟಿಗೆ ಹಾಕಿದ, 78–76. ಅಂಥ ಗೆಲುವು ಟಿವಿಯಲ್ಲಿ ಕಂಡಮೇಲೆ ಅಷ್ಟರವರೆಗೆ ತೆರೆಯದ ಮನೆಬಾಗಿಲುಗಳೂ ತೆರೆದವು. ದೊಡ್ಡ ಹೆಸರಿನ ಹುಡುಗರು ಬಂದರು. ಬಂದವರಿಗೆ ವಿಲನೋವಾ ಒಂದು ತಂಗುದಾಣ. ಕಣ್ಣು ಮಾತ್ರ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮೇಲೆ. 2011ರಲ್ಲಿ, ಋತುವಿನ ನಡುವೆ ದೇಶದ ಮೊದಲ ಹತ್ತರಲ್ಲಿದ್ದ ತಂಡ ಕೊನೆಗೆ ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯದಲ್ಲೇ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ತಂಡಕ್ಕೆ ಶರಣಾಯಿತು. ಮರುವರ್ಷ ಆ 13 ಗೆಲುವು, 19 ಸೋಲು. ಹೊಂದುವವರನ್ನು ಬಿಟ್ಟು ಹೆಸರಿನ ಬೆನ್ನು ಹತ್ತಿದೆ ಎಂದು ಕೋಚ್ ಜೇ ರೈಟ್ ಆಮೇಲೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ನನಗೆ ಆಸಕ್ತಿಯಿರುವುದು ಆ ನಂತರದ ಐದಾರು ವರ್ಷಗಳಲ್ಲಿ. 2012ರಲ್ಲಿ ಅವರು ತಂದ ರಯಾನ್ ಆರ್ಚಿಡಿಯಾಕನೊ ಫಿಲಡೆಲ್ಫಿಯಾದ ಹೊರವಲಯದ ಹುಡುಗ, ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ಪ್ರೌಢಶಾಲೆಯ ಕೊನೆಯ ವರ್ಷ ಆಡಿಯೇ ಇರಲಿಲ್ಲ. ಮರುವರ್ಷ ಜಾಶ್ ಹಾರ್ಟ್ ಮತ್ತು ಕ್ರಿಸ್ ಜೆಂಕಿನ್ಸ್. 2014ರಲ್ಲಿ ಮಿಕಾಲ್ ಬ್ರಿಜಸ್. ಅವನನ್ನು ಇಡೀ ಒಂದು ವರ್ಷ ಅಭ್ಯಾಸಕ್ಕಷ್ಟೇ ಇಟ್ಟುಕೊಂಡು ಪಂದ್ಯಕ್ಕೆ ಇಳಿಸಲೇ ಇಲ್ಲ. ಇದಕ್ಕೆ ‘ರೆಡ್‌ಶರ್ಟ್’ ಎನ್ನುತ್ತಾರೆ. ಆಡುವ ನಾಲ್ಕು ವರ್ಷಗಳ ಲೆಕ್ಕದಿಂದ ಆ ವರ್ಷ ಕಳೆಯುವುದಿಲ್ಲ. 2015ರಲ್ಲಿ ಜೇಲನ್ ಬ್ರನ್ಸನ್. ಪ್ರತಿ ವರ್ಷ ಎರಡು ಮೂರು ಮಂದಿ, ಒಮ್ಮೆಗೇ ಗುಂಪಲ್ಲ.

2016ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಅಂಕ ಸಮ ಮಾಡಿದಾಗ ಉಳಿದದ್ದು 4.7 ಸೆಕೆಂಡು. ನಾಲ್ಕನೆಯ ವರ್ಷದ ಆರ್ಚಿಡಿಯಾಕನೊ ಚೆಂಡು ತಂದು, ತಾನು ಎಸೆಯದೆ, ಹಿಂದೆ ಬರುತ್ತಿದ್ದ ಮೂರನೆಯ ವರ್ಷದ ಜೆಂಕಿನ್ಸ್‌ಗೆ ಕೊಟ್ಟ. 77–74. ಎರಡು ವರ್ಷದ ಬಳಿಕ ಮಿಷಿಗನ್ ಎದುರು 79–62ರಿಂದ ಗೆದ್ದಾಗ ಬೆಂಚಿನಿಂದ ಎದ್ದುಬಂದ ಡಾಂಟೆ ಡಿವಿನ್ಚೆಂಜೊ 31 ಅಂಕ ಗಳಿಸಿದ. ಅವನೂ ಕಾಲಿನ ಗಾಯದಿಂದ ಒಂದು ವರ್ಷ ಕಾದಿದ್ದವನೇ.

ಸಾಗರದವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಅಡಿಕೆ ಮರಗಳ ಎಡೆಯಲ್ಲಿ ಸಸಿ ನೆಡುತ್ತಾ ಬಂದವರ ತೋಟ ಒಮ್ಮೆಗೇ ಮುಪ್ಪಾಗುವುದಿಲ್ಲ. ಆದರೆ ಗಾಳಿ ಹಿಡಿತಕ್ಕೆ ಸಿಗುವುದಿಲ್ಲ ನೋಡಿ: 2018ರ ಗೆಲುವಿನ ಬೆನ್ನಿಗೇ ಬ್ರಿಜಸ್, ಡಿವಿನ್ಚೆಂಜೊ, ಸ್ಪೆಲ್ಮನ್, ಬ್ರನ್ಸನ್ ನಾಲ್ವರೂ ಎನ್‌ಬಿಎ ತಂಡಗಳು ಹೊಸಬರನ್ನು ಆಯ್ದುಕೊಳ್ಳುವ ‘ಡ್ರಾಫ್ಟ್’ನಲ್ಲಿ ಹೋದರು. ಮುಂದಿನ ಮಾರ್ಚ್‌ನಲ್ಲಿ ಪರ್ಡ್ಯೂ ತಂಡ ವಿಲನೋವಾವನ್ನು 87–61ರಿಂದ ಮನೆಗೆ ಕಳುಹಿಸಿತು.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಕೆಂಟಕಿ ವಿಶ್ವವಿದ್ಯಾಲಯ. ಪ್ರೌಢಶಾಲೆ ಮುಗಿಸಿ ಒಂದು ವರ್ಷವಾದರೂ ಆಗಿರಬೇಕು ಎಂಬ ಎನ್‌ಬಿಎ ನಿಯಮ 2006ರ ಡ್ರಾಫ್ಟ್‌ನಿಂದ ಜಾರಿಗೆ ಬಂದ ಮೇಲೆ, ಮುಂದೆ ಕೆಂಟಕಿಯ ಕೋಚ್ ಆದ ಜಾನ್ ಕ್ಯಾಲಿಪಾರಿ ಆ ಒಂದು ವರ್ಷವನ್ನೇ ಬಂಡವಾಳ ಮಾಡಿಕೊಂಡರು. 2012ರಲ್ಲಿ ಮೊದಲ ವರ್ಷದ ಆಂಥೊನಿ ಡೇವಿಸ್ ಜೊತೆ 38 ಗೆಲುವು, 2 ಸೋಲು, ಪ್ರಶಸ್ತಿ. ಹುಡುಗರು ಹೋದರು, 2013ರಲ್ಲಿ ಮುಖ್ಯ ಟೂರ್ನಿಗೆ ಜಾಗವೇ ಸಿಗದೆ ಎರಡನೆಯ ದರ್ಜೆಯ ಟೂರ್ನಿಯಲ್ಲಿ ಪುಟ್ಟ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯದ ಎದುರು ಸೋಲು. 2014ರಲ್ಲಿ ಮತ್ತೆ ಫೈನಲ್! ಪ್ರತಿ ವರ್ಷ ಹೊಸ ಲಾಟರಿ ಟಿಕೆಟ್ ಕೊಂಡಂತೆ. ನೋಡುವುದಕ್ಕೆ ರೋಚಕ, ನನಗಂತೂ ನೆಚ್ಚಿಕೆಯಿಲ್ಲ.

ಪ್ರಶ್ನೆ: ಈಗ ಆಟಗಾರರಿಗೆ ಹಣ ಕೊಡಬಹುದು, ಅವರು ಬೇಕಾದಾಗ ಕಾಲೇಜು ಬದಲಿಸಬಹುದು ಎನ್ನುತ್ತಾರೆ. ನೀವು ಹೇಳುವ ತೋಟ ಇನ್ನು ಉಳಿದೀತೇ?
– ಓದುಗರು, ಬೆಂಗಳೂರು

ಉತ್ತರ: ಉಳಿಯುವುದು ಕಷ್ಟ. ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಲು 2021ರಲ್ಲಿ ಅವಕಾಶವಾಯಿತು. ಅದೇ ವರ್ಷ, ಒಮ್ಮೆ ಕಾಲೇಜು ಬದಲಿಸಿದರೆ ವರ್ಷವಿಡೀ ಹೊರಗೆ ಕೂರಬೇಕೆಂಬ ಕಟ್ಟಳೆ ಹೋಯಿತು. 2024ರಲ್ಲಿ ಎಷ್ಟು ಸಲ ಬದಲಿಸಿದರೂ ಸರಿ ಎಂದಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಇಂದಿನ ಬ್ರಿಜಸ್‌ಗೆ ‘ಒಂದು ವರ್ಷ ಬೆಂಚಿನಲ್ಲಿ ಕಾಯಪ್ಪ’ ಎಂದರೆ ಏಪ್ರಿಲ್‌ನಲ್ಲಿ ಅವನು ಬೇರೆ ಊರಿನಲ್ಲಿರುತ್ತಾನೆ. ಹೊಸಬರನ್ನು ಮಾತ್ರ ಒಲಿಸುತ್ತಿದ್ದ ಕೋಚ್ ಈಗ ತನ್ನ ಹುಡುಗರನ್ನೇ ವರ್ಷವರ್ಷ ಒಲಿಸಬೇಕು.

ಆದರೆ ವಯಸ್ಸಿನ ಬೆಲೆ ಇಳಿದಿಲ್ಲ, ಏರಿದೆ. 2025ರ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನು 65–63ರಿಂದ ಸೋಲಿಸಿದ ಫ್ಲೋರಿಡಾದ ಮುಂಚೂಣಿಯ ಮೂವರು – ವಾಲ್ಟರ್ ಕ್ಲೇಟನ್, ವಿಲ್ ರಿಚರ್ಡ್, ಅಲೈಜಾ ಮಾರ್ಟಿನ್ – ಬೇರೆ ಕಾಲೇಜುಗಳಿಂದ ಬಂದವರು, ಮೂವರೂ ಕೊನೆಯ ವರ್ಷದವರು. ಅದೇ ಹ್ಯೂಸ್ಟನ್‌ಗೆ ಸೆಮಿಫೈನಲ್‌ನಲ್ಲಿ 70–67ರಿಂದ ಸೋತದ್ದು, ಮೊದಲ ವರ್ಷದ ಕೂಪರ್ ಫ್ಲ್ಯಾಗ್‌ನನ್ನು ನೆಚ್ಚಿದ್ದ ಡ್ಯೂಕ್. ಬೇರೆಯವರ ತೋಟದಲ್ಲಿ ಬೆಳೆದ ಮರವನ್ನು ತಂದು ನೆಡುವ ಕಾಲ ಇದು. ರೈಟ್ 2022ರಲ್ಲಿ ನಿವೃತ್ತರಾದ ಮೇಲೆ ವಿಲನೋವಾ ಸತತ ಮೂರು ವರ್ಷ ರಾಷ್ಟ್ರೀಯ ಟೂರ್ನಿಗೆ ಹೋಗಲಿಲ್ಲ. ಸಾಗರದ ಓದುಗರು ಕೇಳಿಸಿಕೊಂಡ ಗೊಣಗಾಟದ ಮೂಲ ಅದೇ.

ಪ್ರಶ್ನೆ: ಮಗ ಪಿಯುಸಿಯಲ್ಲಿದ್ದಾನೆ, 6 ಅಡಿ 3 ಅಂಗುಲ. ಅಮೆರಿಕದ ಕೋಚ್‌ಗಳ ಕಣ್ಣಿಗೆ ಬೀಳುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಮೇಲಿನ ಉತ್ತರವೇ ನಿಮಗೆ ಕಹಿ ಸುದ್ದಿ. 22 ವರ್ಷದ ಪಳಗಿದ ಆಟಗಾರ ಸಿಗುವಾಗ 17ರ ಹುಡುಗನಿಗೆ ಕಾಲೇಜು ಕ್ರೀಡೆಯ ಮೊದಲ ದರ್ಜೆಯಲ್ಲಿ (ಡಿವಿಷನ್ 1) ಜಾಗ ಕಡಿಮೆ, ಮತ್ತು ಅಲ್ಲಿ 6 ಅಡಿ 3 ಅಂಗುಲ ಎಂದರೆ ಗಾರ್ಡ್ ಆಟಗಾರನ, ಅಂದರೆ ಚೆಂಡು ನಡೆಸುವ ಗಿಡ್ಡವರ ಎತ್ತರ. ಎರಡನೆಯ ದರ್ಜೆಯ ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇದೆ, ಅಲ್ಲಿ ಪ್ರಯತ್ನಿಸಿ. ಮೂರನೆಯ ದರ್ಜೆಯಲ್ಲಿ ಆಟಕ್ಕೆಂದು ವೇತನ ಇಲ್ಲ, ಓದಿಗೆ ಸಿಗಬಹುದು. ಆಯ್ದ ತುಣುಕುಗಳ ಜೊತೆಗೆ ಒಂದು ಇಡೀ ಪಂದ್ಯದ ವಿಡಿಯೊ ಕಳುಹಿಸಿ. ಚೆಂಡು ಕೈಯಲ್ಲಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂಬುದು ತುಣುಕುಗಳಲ್ಲಿ ಕಾಣುವುದಿಲ್ಲ. ಅಂಕಪಟ್ಟಿಗಳನ್ನು ಈಗಲೇ ಜೋಡಿಸಿಡಿ.