ಫೌಂಡೇಶನ್ ಆಮೇಲೆ, ಮೊದಲು ಡೊಮೈನ್ ಯಾರ ಹೆಸರಲ್ಲಿದೆ ನೋಡಿ

ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ವೆಬ್ ಪ್ರಾಜೆಕ್ಟ್‌ಗಳು ಮತ್ತು ಅವುಗಳ ಬೆನ್ನಿಗೆ ನಿಂತ ಲಾಭರಹಿತ ಫೌಂಡೇಶನ್‌ಗಳ ಬಗ್ಗೆ ಬಂದ ಪ್ರಶ್ನೆಗಳಿವು. ಗಿಟ್ ಅಂದರೇನು, ಲೈಸೆನ್ಸ್ ಅಂದರೇನು ಎಂದು ಇಲ್ಲಿ ಹೇಳಲು ಹೋಗುವುದಿಲ್ಲ. ಅವು ಗೊತ್ತಿಲ್ಲದೆ ಫೌಂಡೇಶನ್ ಬಗ್ಗೆ ಕೇಳುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನಾವು ಹುಬ್ಬಳ್ಳಿಯ ಮೂವರು ಎಂಜಿನಿಯರ್‌ಗಳು. ಶಾಲೆಗಳ ಲೈಬ್ರರಿಗೆ ಬೇಕಾದ ಒಂದು ವೆಬ್ ಅಪ್ಲಿಕೇಶನ್ ಅನ್ನು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದು ಓಪನ್ ಸೋರ್ಸ್ ಮಾಡಿದ್ದೇವೆ. ನಲವತ್ತು ಶಾಲೆಗಳು ಬಳಸುತ್ತಿವೆ. ಜರ್ಮನಿಯಲ್ಲಿರುವ ಕನ್ನಡಿಗರೊಬ್ಬರು 1,000 ಯೂರೋ ದಾನ ಕೊಡುತ್ತೇನೆ ಎಂದಿದ್ದಾರೆ. ಇಲ್ಲಿನ ಏಜೆಂಟ್ ಒಬ್ಬರು 45,000 ರೂಪಾಯಿಗೆ ಫೌಂಡೇಶನ್, 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ), ಎಫ್‌ಸಿಆರ್‌ಎ ಎಲ್ಲವನ್ನೂ ಮೂರು ತಿಂಗಳಲ್ಲಿ ಮಾಡಿಸಿಕೊಡ್ತೀನಿ ಅಂತಾರೆ. ಮುಂದುವರಿಯಬಹುದೇ?

ಬೇಡ. ಈಗಲೇ ಬೇಡ. ಆ ಏಜೆಂಟ್ ಜೊತೆಯಂತೂ ಯಾವತ್ತೂ ಬೇಡ.

ವರ್ಷದಲ್ಲಿ ಎಷ್ಟೋ ಸಲ ಇದೇ ಪ್ರಶ್ನೆ ನನ್ನ ಮುಂದೆ ಬರುತ್ತದೆ. ಪ್ರತಿ ಸಲವೂ ಅದರ ಹಿಂದೆ ಇಂಥ ಏಜೆಂಟ್ ಒಬ್ಬ ಇದ್ದೇ ಇರುತ್ತಾನೆ. ಅವನು ಹೇಳಿದ್ದನ್ನು ಕಾನೂನಿನ ಪಕ್ಕ ಇಟ್ಟು ನೋಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಸಿಗಬೇಕಾದರೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು. ಹಿಂದಿನ 3 ಹಣಕಾಸು ವರ್ಷಗಳಲ್ಲಿ 15 ಲಕ್ಷ ರೂಪಾಯಿಯನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಇನ್ನೂ ಹುಟ್ಟದ ಸಂಸ್ಥೆಗೆ ಮೂರು ತಿಂಗಳಲ್ಲಿ ಇದನ್ನು ಯಾರು ತಂದುಕೊಡಲು ಸಾಧ್ಯ? ಮೊದಲೇ ಅನುಮತಿ ಪಡೆಯುವ ಇನ್ನೊಂದು ದಾರಿ ಇದೆ, ನಿಜ. ಅದು ಒಬ್ಬ ದಾನಿಯಿಂದ, ಇಂತಿಷ್ಟೇ ಹಣಕ್ಕೆ, ಇಂಥದ್ದೇ ಕೆಲಸಕ್ಕೆ ಮಾತ್ರ. ಕೊಡುವುದು ಬಿಡುವುದು ಕೇಂದ್ರ ಗೃಹ ಸಚಿವಾಲಯಕ್ಕೆ ಬಿಟ್ಟಿದ್ದು. ಅದಕ್ಕೆ ಗ್ಯಾರಂಟಿ ಕೊಡುವವನು ಸುಳ್ಳು ಹೇಳುತ್ತಿದ್ದಾನೆ, ಅಷ್ಟೇ.

ಒಂದು ವೇಳೆ ನೋಂದಣಿ ಸಿಕ್ಕಿತು ಅನ್ನೋಣ. 2020ರ ತಿದ್ದುಪಡಿಯ ನಂತರ ವಿದೇಶಿ ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚು 20 ಶೇಕಡಾ ಮೀರುವಂತಿಲ್ಲ. ಇತ್ತ ನೀವು ಸೆಕ್ಷನ್ 8 (ಲಾಭರಹಿತ) ಕಂಪನಿ ಮಾಡಿದರೆ ಪ್ರತಿ ವರ್ಷ ಆಡಿಟ್ ಮಾಡಿಸಬೇಕು, ವಾರ್ಷಿಕ ಫಾರ್ಮ್‌ಗಳನ್ನು ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸೊಸೈಟಿ ಮಾಡೋಣ ಎಂದರೆ ಕರ್ನಾಟಕದ ಕಾಯ್ದೆಯಲ್ಲಿ ಕನಿಷ್ಠ 7 ಜನ ಬೇಕು, ನೀವಿರುವುದು ಮೂವರು. ಒಂದು ಸಾವಿರ ಯೂರೋಗಾಗಿ ಇಷ್ಟೆಲ್ಲ ಯಾಕೆ? ಸಂಜೆ ಕೆಲಸ ಮುಗಿಸಿ ಬಂದು ಕೋಡ್ ಬರೆಯುತ್ತಿದ್ದ ಹುಡುಗರು ಫಾರ್ಮ್ ತುಂಬುತ್ತಾ ಸುಸ್ತಾಗಿ ಪ್ರಾಜೆಕ್ಟನ್ನೇ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀವು ಬಳಸುವ ಜಾಂಗೋದ ಕತೆಯನ್ನೇ ನೋಡಿ. ಅದು ಹುಟ್ಟಿದ್ದು ಅಮೆರಿಕದ ಕಾನ್ಸಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಪತ್ರಿಕೆಯ ವೆಬ್‌ಸೈಟ್‌ಗಾಗಿ ಬರೆಯಲು ಶುರು ಮಾಡಿದರು. ಓಪನ್ ಸೋರ್ಸ್ ಆಗಿದ್ದು 2005ರ ಜುಲೈಯಲ್ಲಿ. ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಬಂದಿದ್ದು 2008ರ ಜೂನ್‌ನಲ್ಲಿ. ಅಂದರೆ ಜಗತ್ತು ಮೂರು ವರ್ಷ ಬಳಸಿದ ಮೇಲೆ. ಬಂದ ಕೂಡಲೇ ಅದು ಸಂಬಳ ಕೊಟ್ಟು ಕೋಡ್ ಬರೆಸಲಿಲ್ಲ. ಹೆಸರು, ಹಕ್ಕು, ಹಣ ಇವು ಒಂದು ಕಂಪನಿಯ ಅಥವಾ ಒಬ್ಬ ವ್ಯಕ್ತಿಯ ಕೈಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಅದರ ಮೊದಲ ಕೆಲಸವಾಗಿತ್ತು.

ಸಂಬಳದ ಕೆಲಸ ಶುರುವಾಗಿದ್ದು 2014ರಲ್ಲಿ, ಫೆಲೋ ಎಂಬ ಹುದ್ದೆಯಿಂದ. ಫೆಲೋ ಏನು ಮಾಡುತ್ತಾರೆ ಗೊತ್ತೇ? ಹೊಸ ಹೊಸ ಫೀಚರ್ ಬರೆಯುವುದು ಅವರ ಮುಖ್ಯ ಕೆಲಸವಲ್ಲ. ಒಬ್ಬರು ಒಂದು ಟಿಕೆಟ್ (ದೋಷದ ದೂರು) ಹಾಕುತ್ತಾರೆ: ‘ಈ ಕ್ವೆರಿ ತಪ್ಪು ಉತ್ತರ ಕೊಡುತ್ತಿದೆ.’ ಫೆಲೋ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸರಿಯಿದೆ, ಮೈಎಸ್‌ಕ್ಯೂಎಲ್‌ನಲ್ಲಿ ತಪ್ಪು. ಹಿಂದಿನ ಆವೃತ್ತಿಯಲ್ಲೂ ಹೀಗೇ ಇತ್ತಾ? ಹಳೆಯ ಟಿಕೆಟ್ ಏನಾದರೂ ಇದೆಯಾ? ಹುಡುಕಿ, ಟಿಕೆಟ್ ನಿಜವೆಂದು ಗುರುತು ಹಾಕುತ್ತಾರೆ, ಇಲ್ಲವೇ ಕಾರಣ ಬರೆದು ಮುಚ್ಚುತ್ತಾರೆ. ಬಂದ ಪ್ಯಾಚನ್ನು (ಕೋಡ್ ತಿದ್ದುಪಡಿಯನ್ನು) ಸಾಲು ಸಾಲಾಗಿ ಓದಿ ತಿದ್ದಿಸುತ್ತಾರೆ. ಭದ್ರತೆಯ ದೋಷ ಗುಟ್ಟಾಗಿ ವರದಿಯಾದರೆ ಗುಟ್ಟಾಗಿಯೇ ಸರಿಪಡಿಸಿ, ಬಿಡುಗಡೆಗೆ ಸುಮಾರು ಒಂದು ವಾರ ಮೊದಲು ತಿಳಿಸಬೇಕಾದವರಿಗೆ ತಿಳಿಸಿ, ಹೇಳಿದ ದಿನ ಬಿಡುಗಡೆ ಮಾಡುತ್ತಾರೆ. ಈ ಕೆಲಸಕ್ಕೆ ಚಪ್ಪಾಳೆ ಇಲ್ಲ. ಆದರೆ ನಿಮ್ಮ ನಲವತ್ತು ಶಾಲೆಗಳ ಮಕ್ಕಳ ಹೆಸರು, ತರಗತಿಗಳೆಲ್ಲ ಸುರಕ್ಷಿತವಾಗಿರುವುದು ಇದರಿಂದಲೇ.

ಪಿಎಚ್‌ಪಿಯ ಕತೆ ಇನ್ನೂ ಹೆಚ್ಚು ಕಲಿಸುತ್ತದೆ. ಅದು 1995ರ ಪ್ರೋಗ್ರಾಮಿಂಗ್ ಭಾಷೆ. ವೆಬ್‌ನ ಬಹುದೊಡ್ಡ ಪಾಲು ಅದರ ಮೇಲೆ ನಿಂತಿದೆ. ಆದರೂ ಅದಕ್ಕೊಂದು ಫೌಂಡೇಶನ್ ಬಂದಿದ್ದು 2021ರ ನವೆಂಬರ್‌ನಲ್ಲಿ. ಪಿಎಚ್‌ಪಿಯ ಒಳಗಿನ ಕೆಲಸದ ದೊಡ್ಡ ಭಾರ ಹೊತ್ತಿದ್ದ ನಿಕಿತಾ ಪೊಪೊವ್ ತಮಗೆ ಸಂಬಳ ಕೊಡುತ್ತಿದ್ದ ಜೆಟ್‌ಬ್ರೇನ್ಸ್ ಕಂಪನಿ ಬಿಟ್ಟು ಬೇರೆ ಕೆಲಸಕ್ಕೆ ಹೊರಟರು. ಆಗ ಎಲ್ಲರಿಗೂ ಎದೆ ಝಲ್ಲೆಂದಿತು. ಒಳಗಿನದನ್ನು ಪೂರ್ತಿ ಬಲ್ಲವರು ಒಬ್ಬರೋ ಇಬ್ಬರೋ ಮಾತ್ರ, ಅವರೂ ಹೋದರೆ ಏನು ಗತಿ ಎಂಬ ಚರ್ಚೆ ಅದೇ ವರ್ಷ ಎದ್ದಿತ್ತು. ಜೆಟ್‌ಬ್ರೇನ್ಸ್, ಆಟೊಮ್ಯಾಟಿಕ್, ಲಾರಾವೆಲ್ ಮುಂತಾದ ಕಂಪನಿಗಳು ಕೈ ಜೋಡಿಸಿದವು. ಇಲ್ಲಿ ಗಮನಿಸಿ: ಅಷ್ಟು ದೊಡ್ಡ ಪಿಎಚ್‌ಪಿ ಕೂಡ ಹಣ ಸಂಗ್ರಹಿಸಲು ಸ್ವಂತ ನೋಂದಣಿಗಾಗಿ ಕಾಯುತ್ತಾ ಕೂರಲಿಲ್ಲ. ಓಪನ್ ಸೋರ್ಸ್ ಕಲೆಕ್ಟಿವ್ ಎಂಬ ಲಾಭರಹಿತ ಸಂಸ್ಥೆಯ ಆಶ್ರಯದಲ್ಲಿ ಶುರು ಮಾಡಿತು.

ನಿಮ್ಮಂಥವರು ನೋಡಬೇಕಾದ ದಾರಿಯೂ ಇದೇ. ಇಂಥ ಆಶ್ರಯ ಸಂಸ್ಥೆ ನಿಮ್ಮ ಪರವಾಗಿ ಹಣ ಪಡೆಯುತ್ತದೆ, ಲೆಕ್ಕ ಇಡುತ್ತದೆ, ಬಿಲ್ ನೋಡಿ ಪಾವತಿಸುತ್ತದೆ. ಅದಕ್ಕೊಂದು ಪಾಲು ತೆಗೆದುಕೊಳ್ಳುತ್ತದೆ: ಓಪನ್ ಸೋರ್ಸ್ ಕಲೆಕ್ಟಿವ್ 10 ಶೇಕಡಾ, ಡೆಬಿಯನ್ ಎಂಬ ಲಿನಕ್ಸ್ ಪ್ರಾಜೆಕ್ಟ್‌ನ ಹಣ ನೋಡಿಕೊಳ್ಳುವ ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್ 5 ಶೇಕಡಾ. ಆಶ್ರಯ ಸಂಸ್ಥೆಯೂ ಶಾಶ್ವತವಲ್ಲ. ಹೆಸರಿನಲ್ಲಿ ಇದಕ್ಕೆ ಹತ್ತಿರವಾದ, ಆದರೆ ಬೇರೆಯೇ ಆದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರ ಫೆಬ್ರುವರಿಯಲ್ಲಿ ಬಾಗಿಲು ಹಾಕುವುದಾಗಿ ಘೋಷಿಸಿತು. ಅದನ್ನು ನಂಬಿದ್ದ ಗುಂಪುಗಳು ಅದೇ ವರ್ಷ ಬೇರೆ ನೆಲೆ ಹುಡುಕಬೇಕಾಯಿತು. ಸೇರುವ ಮೊದಲು ಹೊರಬರುವ ಷರತ್ತು ಓದಿ.

ಅಲ್ಲಿಂದ ನಿಮ್ಮ ಖಾತೆಗೆ ಹಣ ತರುವಾಗ ಒಂದು ಎಚ್ಚರ. ದಾನ ಬೇರೆ, ಕೂಲಿ ಬೇರೆ. ಮಾಡಿದ ಕೆಲಸಕ್ಕೆ ಬಿಲ್ ಕೊಟ್ಟು ಪಡೆದ ಹಣವನ್ನು ಎಫ್‌ಸಿಆರ್‌ಎ ವಿದೇಶಿ ದೇಣಿಗೆ ಎಂದು ನೋಡುವುದಿಲ್ಲ. ಸುಮ್ನೆ ‘ಸಹಾಯಧನ’ ಎಂದು ಬರೆದುಕೊಂಡರೆ ತಲೆನೋವು. ನಾನಂತೂ ಸಿಎ ಒಬ್ಬರಿಗೆ ಕಾಗದ ತೋರಿಸದೆ ಹೊರಗಿನ ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ನೀವೂ ಮುಟ್ಟಬೇಡಿ.

ರೂಪಾಯಿಯಲ್ಲೇ ಹಣ ಸಿಗುವುದಾದರೆ ಈ ರಗಳೆ ಇಲ್ಲ. ಬೆಂಗಳೂರಿನ ಫಾಸ್ ಯುನೈಟೆಡ್ ಭಾರತದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಅನುದಾನ ಕೊಡುತ್ತದೆ. ಮೊದಲು ಅಲ್ಲಿ ಅರ್ಜಿ ಹಾಕಿ. ಝೆರೋಧಾ 2024ರ ಅಕ್ಟೋಬರ್‌ನಲ್ಲಿ ಘೋಷಿಸಿದ ಫ್ಲಾಸ್ ಫಂಡ್ ವರ್ಷಕ್ಕೆ 10 ಲಕ್ಷ ಡಾಲರ್‌ನದ್ದು. ಒಂದೊಂದು ಪ್ರಾಜೆಕ್ಟ್‌ಗೆ 10,000ದಿಂದ 1 ಲಕ್ಷ ಡಾಲರ್ ಅಂತ ಇಟ್ಟುಕೊಂಡಿದ್ದಾರೆ. ಅದು ಜಗತ್ತೇ ಬಳಸುವ ಪ್ರಾಜೆಕ್ಟ್‌ಗಳಿಗೆ. ನೀವಿನ್ನೂ ಅಲ್ಲಿಗೆ ಮುಟ್ಟಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಿಮ್ಮ ಪತ್ರದಲ್ಲಿ 80ಜಿ ಇದೆ, ಎಫ್‌ಸಿಆರ್‌ಎ ಇದೆ. ಡೊಮೈನ್, ಅಂದರೆ ಸೈಟ್‌ನ ವಿಳಾಸ, ಯಾರ ಹೆಸರಲ್ಲಿದೆ ಎಂಬುದೇ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಒಂದು ಸಣ್ಣ ಪ್ರಾಜೆಕ್ಟ್‌ನ ಡೊಮೈನ್ ಗೆಳೆಯನೊಬ್ಬನ ಸ್ವಂತ ಇಮೇಲ್‌ನಲ್ಲಿತ್ತು. ಅವನು ಕೆನಡಾಕ್ಕೆ ಹೋದ. ಇಲ್ಲಿನ ಸಿಮ್ ರೀಚಾರ್ಜ್ ಮಾಡದೆ ಬಿಟ್ಟ. ಆ ನಂಬರ್ ಬೇರೆ ಯಾರಿಗೋ ಹೋಯಿತು. ಒಂದು ಶನಿವಾರ ಡೊಮೈನ್ ಅವಧಿ ಮುಗಿದು ಸೈಟ್ ನಿಂತಿತು. ಒಳಗೆ ಹೋಗೋಣ ಎಂದರೆ ಒಟಿಪಿ ಹೋಗುತ್ತಿದ್ದದ್ದು ಗುರುತಿಲ್ಲದ ಹೆಂಗಸೊಬ್ಬರ ಫೋನಿಗೆ. ಪಾಪ, ನಾವು ಮೂರನೇ ಸಲ ಕರೆ ಮಾಡಿದಾಗ ಅವರು ನಮ್ಮನ್ನು ಮೋಸಗಾರರೆಂದು ತಿಳಿದು ಫೋನ್ ಇಟ್ಟುಬಿಟ್ಟರು. ಅವರದ್ದೇನೂ ತಪ್ಪಿಲ್ಲ. ಸೈಟ್ ಮತ್ತೆ ಬರಲು ಹನ್ನೊಂದು ದಿನ ಹಿಡಿಯಿತು. 500 ರೂಪಾಯಿಯ ರಿನ್ಯೂವಲ್ ಅದು.

ಈ ವಾರವೇ ಕುಳಿತು ಇಷ್ಟು ಮಾಡಿ. ಡೊಮೈನ್, ಸರ್ವರ್, ಕೋಡ್ ಇಟ್ಟಿರುವ ರೆಪೊಸಿಟರಿ ಎಲ್ಲಕ್ಕೂ ಕನಿಷ್ಠ ಇಬ್ಬರಿಗೆ ಪೂರ್ತಿ ಅಧಿಕಾರ ಇರಲಿ. ಪ್ರಾಜೆಕ್ಟ್‌ನ ಹೆಸರು ಮತ್ತು ಲೋಗೋ ಮೂವರಿಗೂ ಸೇರಿದ್ದು, ಒಬ್ಬರು ಬಿಟ್ಟು ಹೋದರೆ ಉಳಿದವರದ್ದು ಎಂದು ಒಂದು ಪುಟ ಬರೆದು ಮೂವರೂ ಸಹಿ ಹಾಕಿ. ಗೆಳೆತನ ಚೆನ್ನಾಗಿರುವಾಗಲೇ ಬರೆಯಿರಿ. ಜರ್ಮನಿಯ ಆ ಒಳ್ಳೆಯವರಿಗೆ ಸ್ವಲ್ಪ ಕಾಯಲು ಹೇಳಿ. ಅವರಿಗೆ ಅವಸರವಿದ್ದರೆ ಆ ಹಣವನ್ನು ಜಾಂಗೋ ಫೌಂಡೇಶನ್‌ಗೇ ಕೊಡಲಿ. ಅದೂ ನಿಮಗೇ ತಲುಪುತ್ತದೆ.

ಪ್ರಶ್ನೆ: ಓಪನ್ ಸೋರ್ಸ್ ಅಂದರೆ ಉಚಿತ ಅಲ್ವಾ? ಮತ್ತೆ ದಾನ ಯಾಕೆ ಕೇಳುತ್ತಾರೆ?

ಬಳಸುವುದು ಉಚಿತ. ಬರೆಯುವವರ ಮನೆಗೆ ಅಕ್ಕಿ ಉಚಿತವಾಗಿ ಬರುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಲೋಕವೆಲ್ಲ ಪಾಸ್‌ವರ್ಡ್ ಬದಲಿಸಲು ಓಡಿತು. ಆ ದೋಷ ಇದ್ದ, ವೆಬ್ ಸಂವಹನವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ಗೆ ಅದುವರೆಗೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2,000 ಡಾಲರ್. ಅದನ್ನು ಬಳಸುತ್ತಿದ್ದವರಲ್ಲಿ ಬ್ಯಾಂಕುಗಳಿದ್ದವು, ದೈತ್ಯ ಕಂಪನಿಗಳಿದ್ದವು.

ಪ್ರಶ್ನೆ: ಅಪಾಚೆ ಫೌಂಡೇಶನ್‌ನ ಕಮಿಟರ್ (ಪ್ರಾಜೆಕ್ಟ್‌ನ ಕೋಡ್ ಬದಲಿಸುವ ಅಧಿಕಾರ ಇರುವವರು) ಮಾಡಿಸುವ 25,000 ರೂಪಾಯಿಯ ಕೋರ್ಸ್ ಸೇರಲೇ? ಆಮೇಲೆ ಫೌಂಡೇಶನ್ ಸಂಬಳ ಕೊಡುತ್ತದೆಯೇ?

ಸೇರಬೇಡಿ. ನಿಮ್ಮ ಕೆಲಸ ನೋಡಿ ಆ ಪ್ರಾಜೆಕ್ಟ್‌ನವರೇ ಕಮಿಟರ್ ಮಾಡುತ್ತಾರೆ, ಅದು ಮಾರಾಟಕ್ಕಿಲ್ಲ. ಕೋಡ್ ಬರೆದದ್ದಕ್ಕೆ ಅಪಾಚೆ ಫೌಂಡೇಶನ್ ಸಂಬಳ ಕೊಡುವುದೂ ಇಲ್ಲ.

ಪ್ರಶ್ನೆ: ಯೂಟ್ಯೂಬ್ ನೋಡಿ ದೊಡ್ಡ ಪ್ರಾಜೆಕ್ಟ್ ಒಂದರ ರೀಡ್‌ಮಿ ಫೈಲ್‌ಗೆ ನನ್ನ ಹೆಸರು ಸೇರಿಸಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದೆ. ಕಾರಣವನ್ನೂ ಹೇಳದೆ ಮುಚ್ಚಿಬಿಟ್ಟರು. ಇದು ಸರಿಯೇ?

ಸರಿ. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಜೆಎಸ್ ಎಂಬ ವೆಬ್ ಫ್ರೇಮ್‌ವರ್ಕ್‌ಗೆ ಆದದ್ದು ಇದೇ. ಪಾಠದ ವಿಡಿಯೊ ಒಂದರಲ್ಲಿ ಅದರ ರೆಪೊಸಿಟರಿಯನ್ನು ಉದಾಹರಣೆಗೆ ತೋರಿಸಿದ್ದರು. ನಮ್ಮ ದೇಶದ ವಿದ್ಯಾರ್ಥಿಗಳು ಸಾಲುಗಟ್ಟಿ ಹೆಸರು ಸೇರಿಸಲು ಹೊರಟರು. ಓಪನ್‌ಜೆಎಸ್ ಫೌಂಡೇಶನ್ ಅಡಿಯ ಆ ಪ್ರಾಜೆಕ್ಟನ್ನು ನಡೆಸುವವರು ಬೆರಳೆಣಿಕೆಯಷ್ಟು ಜನ. ಕಸ ಗುಡಿಸುವುದರಲ್ಲೇ ಅವರ ಸಮಯ ಹೋಯಿತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಕಲಿಸುವವರ ಮೇಲೆ ಇದೆ. ಅಭ್ಯಾಸಕ್ಕೆ ನಿಮ್ಮದೇ ರೆಪೊಸಿಟರಿ ಮಾಡಿಕೊಳ್ಳಿ.

ಪ್ರಶ್ನೆ: ಅಮೆರಿಕದ ಫೌಂಡೇಶನ್‌ಗೆ ನಮ್ಮ ಕಂಪನಿ ದಾನ ಕೊಟ್ಟರೆ 80ಜಿ ವಿನಾಯಿತಿ ಸಿಗುತ್ತದೆಯೇ?

ಇಲ್ಲ.

ಪ್ರಶ್ನೆ: ಫೌಂಡೇಶನ್‌ಗಳೆಲ್ಲ ದೊಡ್ಡ ಕಂಪನಿಗಳ ಮುಖವಾಡ ಅಂತಾರೆ. ನಿಜವೇ?

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಅಮೆರಿಕದ ತೆರಿಗೆ ಕಾನೂನಿನಲ್ಲಿ 501(ಸಿ)(3) ಎಂದರೆ ಸಾರ್ವಜನಿಕ ಹಿತದ ಸಂಸ್ಥೆ. ಅಪಾಚೆ, ಜಾಂಗೋ ಈ ಗುಂಪಿನವು. 501(ಸಿ)(6) ಎಂದರೆ ಉದ್ಯಮದವರ ಸಂಘ. ಲಿನಕ್ಸ್ ಫೌಂಡೇಶನ್ ಅಂಥದ್ದು, ಅಲ್ಲಿ ಸದಸ್ಯ ಕಂಪನಿಗಳ ಮಾತಿಗೆ ತೂಕ ಜಾಸ್ತಿ. ಆದರೆ ಕಂಪನಿಯೊಂದೇ ಯಜಮಾನನಾಗಿದ್ದರೆ ಏನಾಗುತ್ತದೆ ಎಂದೂ ನೋಡಿ. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನ ಹೆಸರಿನ ಹಕ್ಕು ಜಾಯೆಂಟ್ ಕಂಪನಿಯ ಬಳಿ ಇತ್ತು. ಬೇಸತ್ತ ಮುಖ್ಯ ಡೆವಲಪರ್‌ಗಳು 2014ರ ಕೊನೆಯಲ್ಲಿ ಐಓ ಜೆಎಸ್ ಎಂದು ಬೇರೆಯಾದರು. 2015ರಲ್ಲಿ ಫೌಂಡೇಶನ್ ಬಂದ ಮೇಲೆಯೇ ಎರಡೂ ಕೂಡಿ ನೋಡ್ 4 ಆಯಿತು.

ಪ್ರಶ್ನೆ: ನಾನು ಕನ್ನಡ ಶಿಕ್ಷಕಿ. ಕೋಡ್ ಬರುವುದಿಲ್ಲ, ಕೊಡಲು ಹಣವೂ ಇಲ್ಲ. ನನ್ನಿಂದೇನಾದರೂ ಆಗುತ್ತದೆಯೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಸಂತೋಷ ಕೊಟ್ಟದ್ದು ಇದು. ಜಾಂಗೋದ ಒಳಗೆ ಕನ್ನಡಕ್ಕೆಂದೇ ಒಂದು ಫೋಲ್ಡರ್ ಇದೆ. ಫಾರ್ಮ್ ತಪ್ಪಾಗಿ ತುಂಬಿದಾಗ ಬರುವ ಸೂಚನೆ, ತಿಂಗಳ ಹೆಸರು, ಅಡ್ಮಿನ್ ಪುಟದ ಬಟನ್, ಇವೆಲ್ಲ ಅಲ್ಲಿ ಕನ್ನಡಕ್ಕೆ ಬರಬೇಕು. ಹೊಸ ಆವೃತ್ತಿಗಳ ಜೊತೆ ಹೊಸ ವಾಕ್ಯಗಳು ಸೇರುತ್ತಲೇ ಇರುತ್ತವೆ. ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ಸೈಟ್‌ನಲ್ಲಿ. ಖಾತೆ ತೆರೆದು ಜಾಂಗೋದ ಕನ್ನಡ ತಂಡಕ್ಕೆ ಸೇರಲು ಕೋರಿಕೆ ಕಳಿಸಿ. ‘ದಯವಿಟ್ಟು ಸರಿಯಾದ ದಿನಾಂಕ ಬರೆಯಿರಿ’ ಎಂಬಂಥ ಸಣ್ಣ ಸಣ್ಣ ವಾಕ್ಯಗಳು. ದಿನಕ್ಕೆ ಹತ್ತು ಮಾಡಿದರೂ ಸಾಕು. ಹುಬ್ಬಳ್ಳಿಯ ಆ ಮೂವರ ಲೈಬ್ರರಿ ಅಪ್ಲಿಕೇಶನ್ ತೆರೆದ ಮಗುವಿಗೆ ಕಾಣುವುದು ನೀವು ಬರೆದ ಕನ್ನಡ.