ತೊಟ್ಟಿಲಿಗೆ ಒಂದು, ರಿಜಿಸ್ಟರಿಗೆ ಒಂದು

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ ಎರಡು ತಿಂಗಳಾಯಿತು, ಇನ್ನೂ ಹೆಸರಿಲ್ಲ. ಹುಟ್ಟಿದ್ದು ಆರಿದ್ರಾ ನಕ್ಷತ್ರ ಮೂರನೇ ಪಾದ. ಪಂಚಾಂಗ ನೋಡಿದರೆ ಅಕ್ಷರ 'ಙ' ಅಂತಿದೆ! ಅತ್ತೆಯವರು ಅಕ್ಷರ ಬಿಡುವ ಹಾಗಿಲ್ಲ ಅನ್ನುತ್ತಾರೆ. ಮಾವನವರಿಗೆ ತೀರಿಕೊಂಡ ತಮ್ಮ ತಾಯಿ ಗಂಗಮ್ಮನ ಹೆಸರೇ ಬೇಕು. ನನಗೆ 'ಇಂಚರ' ಅಂತ ಇಡುವ ಆಸೆ. ಯಜಮಾನರು ಯಾರ ಪರವೂ ಅಲ್ಲ, ಫೋನ್ ನೋಡಿಕೊಂಡು ಕೂತಿರುತ್ತಾರೆ. ಏನು ಮಾಡಲಿ?
– ಹೆಸರು ಹಾಕಬೇಡಿ, ದಾವಣಗೆರೆ

ಉತ್ತರ: ಮೊದಲು ಆ 'ಙ' ವಿಷಯ ಮುಗಿಸೋಣ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರ. ಆರಿದ್ರಾ ಪಾಲಿಗೆ ಬಂದದ್ದು ಕು, ಘ, ಙ, ಛ. 'ಕು' ಬಂದವರು ಕುಸುಮಾ, ಕುಮುದಾ ಅಂತ ಪಾರಾಗುತ್ತಾರೆ. 'ಙ'ದಿಂದ ಶುರುವಾಗುವ ಹೆಸರು ನಾನಂತೂ ಕೇಳಿಲ್ಲ, ಒಂದನೇ ಕ್ಲಾಸಿನ ನಮ್ಮ ಪುಸ್ತಕದಲ್ಲೇ ಆ ಅಕ್ಷರದ ಪಕ್ಕ ಚಿತ್ರ ಇರಲಿಲ್ಲ. ಅದಕ್ಕೇ ಪುರೋಹಿತರು ಇಂಥ ಕಡೆ 'ಗ' ಹಿಡಿಯಿರಿ ಅನ್ನುವುದುಂಟು. 'ಗ' ಬಂತು ಅಂದರೆ ಗಂಗಾ ಬಂದಳು ಅಲ್ವಾ? ಅತ್ತೆಯ ಹಟ, ಮಾವನ ಆಸೆ ಎರಡೂ ಒಂದೇ ಹೆಸರಲ್ಲಿ ಮುಗಿಯಿತು. ನಿಮ್ಮ ಪುಣ್ಯ.

ಇನ್ನು ನಿಮ್ಮ ಇಂಚರ. ನಮ್ಮಲ್ಲಿ ಮಗುವಿಗೆ ಒಂದೇ ಹೆಸರು ಅಂತ ಯಾವಾಗ ಇತ್ತು ಹೇಳಿ? ತಟ್ಟೆಯಲ್ಲಿ ಅಕ್ಕಿ ಹರಡಿ ಚಿನ್ನದ ಉಂಗುರದಲ್ಲಿ ಬರೆಯುವಾಗಲೇ ಎಷ್ಟೋ ಮನೆಯಲ್ಲಿ ನಕ್ಷತ್ರದ್ದು ಒಂದು, ಮನೆದೇವರದ್ದು ಒಂದು, ಕರೆಯುವುದಕ್ಕೆ ಇನ್ನೊಂದು ಅಂತ ಬರೆಯುತ್ತಾರೆ. ಉತ್ತರ ಕರ್ನಾಟಕದ ಕಡೆ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ (ಅಣ್ಣನ ಮಗನ ತೊಟ್ಟಿಲಿನ ದಿನ ನಾನೂ ತಿಂದಿದ್ದೇನೆ, ಶಾಸ್ತ್ರಕ್ಕೆ ಅಂತ ಯಾರೂ ಕೈ ಹಗುರ ಮಾಡುವುದಿಲ್ಲ). ಹಾಗೆ ಗುದ್ದು ತಿಂದು ಹೇಳಿದ ಹೆಸರನ್ನು ಆಮೇಲೆ ಒಬ್ಬರೂ ಕರೆಯದೇ ಇರುವುದೂ ಉಂಟು. ನಿಮ್ಮ ಮನೆಯಲ್ಲೇ ನೋಡಿ, ಗಂಗಮ್ಮ ಅಂದರೆ ನಿಮ್ಮ ಅತ್ತೆಗೆ ಅತ್ತೆ. ಹಳೇ ಕಾಲದ ಸೊಸೆ ಅತ್ತೆಯ ಹೆಸರು ಹಿಡಿದು 'ಏ ಗಂಗಾ, ಬಾರೇ' ಅಂತಾರಾ? ಪುಟ್ಟಿ, ಚಿನ್ನು ಅಂತಲೇ ಕರೆಯುತ್ತಾರೆ, ಬರೆದಿಟ್ಟುಕೊಳ್ಳಿ.

ಅದಕ್ಕೆ ತೊಟ್ಟಿಲಲ್ಲಿ ಗಂಗಾ, ಜನನ ಪ್ರಮಾಣಪತ್ರದಲ್ಲಿ ಇಂಚರ. ಗಾಬರಿ ಬೇಡ, ಸಮಯ ಇದೆ. ಹುಟ್ಟಿದ್ದನ್ನು 21 ದಿನದೊಳಗೆ ತಿಳಿಸಬೇಕು, ಅದು ಸಾಮಾನ್ಯವಾಗಿ ಆಸ್ಪತ್ರೆಯಿಂದಲೇ ಹೋಗುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದರೆ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಹೊಸದಾಗಿ ಸೇರಿಸುವುದು ಸುಲಭ, ಸೇರಿಸಿದ್ದನ್ನು ಬದಲಿಸುವುದು ಕಷ್ಟ, ಅದಕ್ಕೇ ಜಗಳ ಮುಗಿಸಿಕೊಂಡೇ ಹೋಗಿ. ಮತ್ತೆ, ಈ ಮಾತನ್ನು ಮಾವನವರಿಗೆ ನೀವು ಹೇಳಬೇಡಿ. ಅವರ ಮಗ ಹೇಳಲಿ, ಫೋನ್ ಪಕ್ಕಕ್ಕಿಟ್ಟು.

ಪ್ರಶ್ನೆ: ನಮ್ಮ ಮನೆತನಕ್ಕೆ ಅಡ್ಡಹೆಸರಿಲ್ಲ. ನನ್ನ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದೆ ಅಷ್ಟೆ. ಮಗನಿಗೆ ಬರೀ 'ಚಿರಂತ್' ಅಂತ ಬರೆಸಿದರೆ ಸಾಕಲ್ವಾ?
– ಹಾಸನದ ಓದುಗ

ಉತ್ತರ: ಊರಲ್ಲೇ ಇರುತ್ತಾನೆ ಅಂದರೆ ಸಾಕು. ಆದರೆ ಯಾರ ಮಕ್ಕಳು ಈಗ ಊರಲ್ಲೇ ಇರುತ್ತಾರೆ ಸ್ವಾಮಿ? ಹಳೇ ಮೈಸೂರಿನ ಕಡೆ ಕ್ರಮ ಊರು, ಅಪ್ಪ, ಆಮೇಲೆ ನಾನು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಧಾರವಾಡದ ಕಡೆ ಮೊದಲು ನಾನು, ನಡುವೆ ಅಪ್ಪ, ಕೊನೆಗೆ ಮನೆತನ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಫಾರಂಗಳಿಗೆಲ್ಲ ಈ ಎರಡನೇ ಕ್ರಮವೇ ಒಗ್ಗುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಸರ್‌ನೇಮ್ ಖಾಲಿ ಬಿಡಬಹುದು, ನಿಜ, ಆದರೆ ಹಾಗೆ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಇದ್ದ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಕೂಡ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಭೇಟಿ ವೀಸಾದಲ್ಲಿ ಬಿಡುವುದಿಲ್ಲ ಅಂದಿತ್ತು, ಆಮೇಲೆ ಅಪ್ಪನ ಹೆಸರೋ ಮನೆತನದ ಹೆಸರೋ ಇನ್ನೊಂದು ಪುಟದಲ್ಲಿದ್ದರೆ ಸರಿ ಅಂತ ಸಡಿಲ ಮಾಡಿತು.

ಹಾಗಾಗಿ ಎರಡು ಪದ ಇರಲಿ. ಎರಡನೆಯದು ನಿಮ್ಮ ಹೆಸರಾಗಬಹುದು, ನಿಮ್ಮ ಹೆಂಡತಿಯ ಹೆಸರೂ ಆಗಬಹುದು, ಯಾಕಾಗಬಾರದು? 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟು, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನ, ಜಾಗಕ್ಕೆ ಜನನ ಪ್ರಮಾಣಪತ್ರವೇ ದಾಖಲೆ. ಅಲ್ಲಿ ಇಂಗ್ಲಿಷ್ ಅಕ್ಷರ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಸಿ. ನಾವು 'ತ'ಕ್ಕೆ 'ಟಿಎಚ್' ಬರೆಯುತ್ತೇವೆ, ಉತ್ತರದವರು ಬರೀ 'ಟಿ' ಬರೆಯುತ್ತಾರೆ. ಯಾವುದಾದರೂ ಸರಿ, ಒಂದು ಕಡೆ ಅದು ಒಂದು ಕಡೆ ಇದು ಬೇಡ. ಬರೀ 'ಟಿ' ಇದ್ದ ಒಬ್ಬ ಲತಾ, ಕಂಪ್ಯೂಟರ್ ಕನ್ನಡಕ್ಕೆ ತಿರುಗಿಸಿದ ಕಾರ್ಡಿನಲ್ಲಿ 'ಲಟಾ' ಆಗಿದ್ದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: 'ರಿಯಾಂಶ್' ಅಂದರೆ ವಿಷ್ಣುವಿನ ಅಂಶ ಅಂತ ನೆಟ್‌ನಲ್ಲಿದೆ. ನಿಜವೇ?
– ಬೆಂಗಳೂರು

ಉತ್ತರ: ಅಂಶ ಅಂದರೆ ಭಾಗ, ಅಷ್ಟು ಸರಿ. ಮುಂದಿರುವ 'ರಿಯ' ಯಾವ ನಿಘಂಟಿನಲ್ಲಿದೆ ಅಂತ ಆ ಪಟ್ಟಿ ಮಾಡಿದವರನ್ನೇ ಕೇಳಿ. ಕಿವಿಗೆ ಚೆನ್ನಾಗಿದೆ ಅಂತ ಇಟ್ಟರೆ ನನ್ನ ತಕರಾರಿಲ್ಲ, ಅರ್ಥ ಇದೆ ಅಂತ ಇಡಬೇಡಿ. ಅರ್ಥವೇ ಬೇಕು ಅಂದರೆ 1894ರ ಕಿಟೆಲ್ ನಿಘಂಟು ತೆಗೆಯಿರಿ, ಕನ್ನಡದ್ದೇ ಬೇಕಾದಷ್ಟು ಸಿಗುತ್ತವೆ. ನೇಸರ, ಸಿರಿ, ಇಬ್ಬನಿ, ಹೊನಲು. ಹೇಳಿ ಬರೆಸುವಾಗ ಮೂರು ಸಲ ಸ್ಪೆಲಿಂಗ್ ಹೇಳುವ ಕಷ್ಟವೂ ಇಲ್ಲ.

ಪ್ರಶ್ನೆ: ನಮಗೆ ಅವಳಿ ಹೆಣ್ಣುಮಕ್ಕಳು. ಹೆಸರು ಪ್ರಾಸದಲ್ಲೇ ಇರಬೇಕಾ?
– ಶಿರಸಿ

ಉತ್ತರ: ಬೇಡ. ನಮ್ಮ ಪಕ್ಕದ ಮನೆಯಲ್ಲಿ ರಮ್ಯಾ, ಸೌಮ್ಯಾ ಅಂತ ಇಟ್ಟಿದ್ದರು. ಕೆಲಸಕ್ಕೆ ಕರೆದರೆ ಇನ್ನೊಬ್ಬಳನ್ನು ಕರೆದದ್ದು ಅಂದುಕೊಂಡು ಇಬ್ಬರೂ ಬರುತ್ತಿರಲಿಲ್ಲ.